ಚಕ್ಲಿ ಪ್ಯಾಕೆಟ್‌ಗೂ ಪ್ಲಾಸ್ಟಿಕ್ ಟ್ಯಾಕ್ಸ್ ಕಟ್ಬೇಕಾ? ಮೊದ್ಲು ತಕ್ಕಡಿ ತಗೊಳ್ಳಿ

ಪ್ರಶ್ನೆ: ಸರ್ ನಮಸ್ಕಾರ. ನಾವು ಇಂಗ್ಲೆಂಡ್‌ನ ಲೆಸ್ಟರ್‌ನಲ್ಲಿ ಗಂಡ ಹೆಂಡತಿ ಸೇರಿ ಒಂದು ಚಿಕ್ಕ ಫುಡ್ ಇಂಪೋರ್ಟ್ ಬಿಸಿನೆಸ್ ಮಾಡ್ತಿದೀವಿ. ತುಮಕೂರಲ್ಲಿ ನಮ್ಮ ಭಾವ ಚಕ್ಲಿ, ಕೋಡುಬಳೆ, ನಿಪ್ಪಟ್ಟು, ಚಟ್ನಿಪುಡಿ, ಉಪ್ಪಿನಕಾಯಿ ಎಲ್ಲಾ ಮಾಡಿಸಿ ಪ್ಯಾಕ್ ಮಾಡಿ ಕಳಿಸ್ತಾರೆ, ಸಂಕ್ರಾಂತಿ ಟೈಮಲ್ಲಿ ಎಳ್ಳುಬೆಲ್ಲದ ಡಬ್ಬಿನೂ ಬರುತ್ತೆ. ವರ್ಷಕ್ಕೆ ಪೌಚ್ ಸುಮಾರು 9 ಲಕ್ಷ, ಉಪ್ಪಿನಕಾಯಿ ಜಾರ್ 1.2 ಲಕ್ಷ, ಡಬ್ಬಿ 40 ಸಾವಿರ. ಈಗ ಒಂದು ದೊಡ್ಡ ಹೋಲ್‌ಸೇಲ್‌ನವರು ನಮ್ಮ ಮಾಲು ತಗೋತೀವಿ ಅಂದ್ರು, ಆದ್ರೆ ಪ್ಲಾಸ್ಟಿಕ್ ಪ್ಯಾಕೇಜಿಂಗ್ ಟ್ಯಾಕ್ಸ್ ರಿಜಿಸ್ಟ್ರೇಷನ್ ನಂಬರ್ ಕೊಡಿ, ಇಲ್ಲಾಂದ್ರೆ ಯಾಕೆ ಬೇಡ ಅಂತ ಬರೆದುಕೊಡಿ ಅಂತ ಮೇಲ್ ಹಾಕಿದಾರೆ. ನಮ್ಮ ಅಕೌಂಟೆಂಟ್ ಕೇಳಿದ್ರೆ ನೀವು ಪ್ಲಾಸ್ಟಿಕ್ ಮಾಡಲ್ಲ, ತಿಂಡಿ ತರ್ತೀರಿ, ನಿಮಗೆ ಅದು ಬರಲ್ಲ ಅಂತಾರೆ. ಯಾರ ಮಾತು ಕೇಳೋದು? ಬಂದ್ರೆ ಎಷ್ಟು ದುಡ್ಡು ಬೀಳುತ್ತೆ?

ಉತ್ತರ:

ನಿಮ್ಮ ಅಕೌಂಟೆಂಟ್ ಹೇಳಿದ್ದು ತಪ್ಪು, ಮೊದಲು ಅದನ್ನ ಹೇಳಿಬಿಡ್ತೀನಿ. ಹಾಗಂತ ಅವ್ರ ಮೇಲೆ ಸಿಟ್ಟು ಮಾಡ್ಕೋಬೇಡಿ, 2022ರಲ್ಲಿ ಈ ಟ್ಯಾಕ್ಸ್ ಶುರುವಾಗೋ ಮುಂಚೆ ನನಗೆ ಬಂದ ಫೋನ್‌ಗಳಲ್ಲಿ ಅರ್ಧಕ್ಕರ್ಧ ಜನ ಇದೇ ಮಾತು ಹೇಳ್ತಿದ್ರು, ನಾವೇನು ಪ್ಲಾಸ್ಟಿಕ್ ಫ್ಯಾಕ್ಟ್ರಿನಾ ಅಂತ. ಹೆಸರು ಕೇಳಿದ್ರೆ ಹಾಗೇ ಅನ್ಸುತ್ತೆ. ಆದ್ರೆ ಕಾನೂನು ಹೇಳೋದು ಎರಡು ಜನರ ಬಗ್ಗೆ, ಯುಕೆ ಒಳಗೆ ಪ್ಲಾಸ್ಟಿಕ್ ಪ್ಯಾಕೇಜಿಂಗ್ ತಯಾರು ಮಾಡೋರು ಮತ್ತೆ ಹೊರಗಿಂದ ತರೋರು. ತರೋರು ಅಂದ್ರೆ ಖಾಲಿ ಕವರ್ ತರೋರು ಮಾತ್ರ ಅಲ್ಲ, ಒಳಗೆ ಚಕ್ಲಿ ತುಂಬಿಕೊಂಡು ಬಂದ ಕವರ್ ತಂದ್ರೂ ಆ ಕವರ್ ಇಂಪೋರ್ಟ್ ಮಾಡಿದಂಗೇ ಲೆಕ್ಕ. ಚಕ್ಲಿಗೆ ಟ್ಯಾಕ್ಸ್ ಇಲ್ಲ, ಚಕ್ಲಿ ಹಾಕ್ಕೊಂಡಿರೋ ಅಂಗಿಗೆ ಟ್ಯಾಕ್ಸ್.

ಸ್ವಲ್ಪ ಹಿನ್ನೆಲೆ. 2018ರ ಬಜೆಟ್‌ನಲ್ಲಿ ಮೊದಲು ಇದ್ರ ಘೋಷಣೆ ಆಯ್ತು, ಆಮೇಲೆ ಎರಡು ಮೂರು ವರ್ಷ ಅಭಿಪ್ರಾಯ ಕೇಳಿದ್ರು, 2021ರ ಫೈನಾನ್ಸ್ ಆಕ್ಟ್‌ನಲ್ಲಿ ಕಾನೂನು ಆಯ್ತು, 2022ರ ಏಪ್ರಿಲ್ 1ರಿಂದ ಜಾರಿ. ನೋಡ್ಕೊಳ್ಳೋದು ಎಚ್‌ಎಂಆರ್‌ಸಿ, ಅಂದ್ರೆ ನಿಮ್ಮ ವ್ಯಾಟ್ ನೋಡೋ ಅದೇ ಇಲಾಖೆ. ಪ್ಯಾಕೇಜಿಂಗ್‌ನ ಪ್ಲಾಸ್ಟಿಕ್‌ನಲ್ಲಿ ಕನಿಷ್ಠ 30% ರಿಸೈಕಲ್ ಮಾಡಿದ್ದು ಇಲ್ಲಾಂದ್ರೆ ಟನ್ನಿಗೆ ಇಷ್ಟು ಅಂತ ಕಟ್ಬೇಕು. ಶುರುವಲ್ಲಿ ಟನ್ನಿಗೆ 200 ಪೌಂಡ್ ಇತ್ತು, 2023ರ ಏಪ್ರಿಲ್‌ನಲ್ಲಿ 210.82 ಆಯ್ತು, 2024ರಲ್ಲಿ 217.85, 2025ರ ಏಪ್ರಿಲ್‌ನಲ್ಲಿ 223.69. ಬೆಲೆ ಏರಿಕೆ ನೋಡ್ಕೊಂಡು ಪ್ರತಿ ಏಪ್ರಿಲ್‌ಗೂ ಏರಿಸ್ತಾರೆ, ಅದಕ್ಕೆ ರಿಟರ್ನ್ ಹಾಕೋ ದಿನ ಆ ತ್ರೈಮಾಸಿಕದ ರೇಟು ನೋಡ್ಕೊಂಡೇ ಹಾಕಿ, ನಾನಿಲ್ಲಿ 223.69 ಇಟ್ಕೊಂಡೇ ಲೆಕ್ಕ ಹಾಕ್ತೀನಿ.

ಈಗ ನಿಮ್ಮ ವಿಷಯಕ್ಕೆ ಬರೋಣ. ಎಲ್ರೂ ರಿಜಿಸ್ಟರ್ ಆಗ್ಬೇಕಿಲ್ಲ, 12 ತಿಂಗಳಲ್ಲಿ 10 ಟನ್ ಅಥವಾ ಅದಕ್ಕಿಂತ ಜಾಸ್ತಿ ಪ್ಲಾಸ್ಟಿಕ್ ಪ್ಯಾಕೇಜಿಂಗ್ ತಯಾರು ಮಾಡಿದ್ರೆ ಅಥವಾ ತಂದ್ರೆ ಮಾತ್ರ. ಹತ್ತು ಟನ್ ಅಂದ ತಕ್ಷಣ ಎಲ್ರೂ ನಗ್ತಾರೆ, ಹತ್ತು ಟನ್ ಅಂದ್ರೆ ಒಂದು ಲಾರಿ ಲೋಡು, ನಮ್ಮ ಹತ್ರ ಎಲ್ಲಿಂದ ಬರುತ್ತೆ ಅಂತ. ನಾನೂ ಮೊದಲು ಹಾಗೇ ಅಂದ್ಕೊಂಡಿದ್ದೆ. ಆಮೇಲೆ ಅಡುಗೆಮನೆ ತಕ್ಕಡಿ ಮೇಲೆ ಖಾಲಿ ಪೌಚ್ ಇಟ್ಟು ನೋಡೋಕೆ ಶುರು ಮಾಡಿದ್ಮೇಲೆ ನಗು ನಿಂತ್ಹೋಯ್ತು.

ನಿಮ್ಮ ಭಾವನಿಗೆ ಈಗ್ಲೇ ವಾಟ್ಸಾಪ್ ಮಾಡಿ ಪೌಚ್‌ನ ಸ್ಪೆಕ್ ಶೀಟ್ ಕೇಳಿ, ಪೌಚ್ ಮಾಡಿಕೊಡೋನ ಹತ್ರ ಇದ್ದೇ ಇರುತ್ತೆ. ಅದ್ರಲ್ಲಿ ಅಳತೆ, ಯಾವ ಯಾವ ಲೇಯರ್, ಎಷ್ಟೆಷ್ಟು ಮೈಕ್ರಾನ್ (ಮಿಲಿಮೀಟರ್‌ನ ಸಾವಿರದಲ್ಲಿ ಒಂದು ಭಾಗ) ದಪ್ಪ ಅಂತ ಬರೆದಿರ್ತಾರೆ. ಉದಾಹರಣೆಗೆ 150 ಮಿಲಿಮೀಟರ್ ಅಗಲ, 220 ಎತ್ತರದ ಸಾದಾ ಪೌಚ್, ಹೊರಗೆ 12 ಮೈಕ್ರಾನ್ ಪೆಟ್ (ನೀರಿನ ಬಾಟ್ಲಿ ಮಾಡೋ ಪ್ಲಾಸ್ಟಿಕ್), ಒಳಗೆ 75 ಮೈಕ್ರಾನ್ ಪಾಲಿಥೀನ್ ಅಂತ ಇಟ್ಕೊಳ್ಳಿ. ಪೆಟ್‌ನ ಸಾಂದ್ರತೆ ಸುಮಾರು 1.4, ಅಂದ್ರೆ ಚದರ ಮೀಟರ್‌ಗೆ 12 ಇಂಟು 1.4, ಹೆಚ್ಚು ಕಮ್ಮಿ 17 ಗ್ರಾಂ. ಪಾಲಿಥೀನ್ 0.92, ಅಂದ್ರೆ 69 ಗ್ರಾಂ. ಇಂಕು, ಅಂಟು ಸೇರಿ ಒಂದೈದು ಗ್ರಾಂ ಹಾಕಿ. ಒಟ್ಟು ಚದರ ಮೀಟರ್‌ಗೆ 91 ಗ್ರಾಂ. ಪೌಚ್‌ಗೆ ಮುಂದೊಂದು ಹಿಂದೊಂದು ಎರಡು ಮುಖ, ಎರಡೂ ಸೇರಿ 0.066 ಚದರ ಮೀಟರ್. ಗುಣಿಸಿದ್ರೆ 6 ಗ್ರಾಂ. ಕೆಳಗೆ ಮಡಿಕೆ ಇದ್ರೆ, ಮೇಲೆ ಜಿಪ್ ಇದ್ರೆ ಇನ್ನೂ ಜಾಸ್ತಿ.

ಆರು ಗ್ರಾಂ, ಒಂದು ಚಮಚ ಸಕ್ಕರೆಗಿಂತ ಚೂರು ಹೆಚ್ಚು ಅಷ್ಟೇ. ಆದ್ರೆ ನೀವು ತರೋದು 9 ಲಕ್ಷ. ಅಲ್ಲಿಗೆ 5.4 ಟನ್ ಮುಗೀತು.

ಉಪ್ಪಿನಕಾಯಿ ಜಾರ್ ನೋಡೋಣ. ಜಾರ್ ಬೇರೆ, ಮುಚ್ಚಳ ಬೇರೆ, ಕಾನೂನಲ್ಲಿ ಅವೆರಡೂ ಎರಡು ಕಾಂಪೊನೆಂಟ್, ಅಂದ್ರೆ ಬಿಡಿ ಭಾಗ, ಎರಡನ್ನೂ ಬೇರೆ ಬೇರೆ ತೂಕ ಮಾಡಿ ಬೇರೆ ಬೇರೆ ಬರೀಬೇಕು. ಮುಚ್ಚಳದ ಮೇಲೆ ಸೀಲ್ ಅಂತ ಪ್ಲಾಸ್ಟಿಕ್ ಶ್ರಿಂಕ್ ಪಟ್ಟಿ ಹಾಕಿರ್ತಾರಲ್ಲ, ಅದು ಮೂರನೇದು. ಪೇಪರ್ ಲೇಬಲ್ ಆದ್ರೆ ಅದು ಪ್ಲಾಸ್ಟಿಕ್ ಅಲ್ಲ, ಬಿಡಿ. ನಾನು ಮೊದಲ ಸಲ ಒಬ್ಬರಿಗೆ ಲೆಕ್ಕ ಮಾಡಿಕೊಟ್ಟಾಗ ಮುಚ್ಚಳನೇ ಮರೆತುಬಿಟ್ಟಿದ್ದೆ, ಮುಚ್ಚಳ ತೆಗೆದು ಟೇಬಲ್ ಮೇಲಿಟ್ಟು ಬರೀ ಜಾರ್ ತೂಗಿ ಬರ್ಕೊಂಡ್ಬಿಟ್ಟೆ, ವರ್ಷದ ಲೆಕ್ಕದಲ್ಲಿ ಮುಕ್ಕಾಲು ಟನ್ ವ್ಯತ್ಯಾಸ ಬಂತು, ಅವತ್ತಿಂದ ಮುಚ್ಚಳ ಮೊದಲು ತೂಗ್ತೀನಿ. ನಿಮ್ಮ ಜಾರ್ 26 ಗ್ರಾಂ, ಮುಚ್ಚಳ 6 ಗ್ರಾಂ ಅಂತ ಇಟ್ಕೊಂಡ್ರೆ 1.2 ಲಕ್ಷಕ್ಕೆ 3.84 ಟನ್. ಈಗ 9.24 ಆಯ್ತು.

ಇನ್ನು ಎಳ್ಳುಬೆಲ್ಲದ ಡಬ್ಬಿ, 28 ಗ್ರಾಂ ಇದ್ರೆ 40 ಸಾವಿರಕ್ಕೆ 1.12 ಟನ್. ಒಟ್ಟು 10.36.

ಅಂದ್ರೆ ವರ್ಷವೆಲ್ಲಾ ಗೆರೆ ಒಳಗಿದ್ದೋರು ಸಂಕ್ರಾಂತಿ ಕಂಟೇನರ್ ಬಂದ ತಿಂಗಳು ಗೆರೆ ದಾಟ್ತೀರಿ. ಗ್ರಾಂ ಲೆಕ್ಕ ನಾನು ಊಹೆ ಮಾಡಿದ್ದು, ನಿಮ್ಮ ನಿಜವಾದ ಜಾರ್ 22 ಗ್ರಾಂ ಇದ್ರೆ ನೀವು ಹೊರಗೇ ಉಳಿಯಬಹುದು, ಪೌಚ್‌ಗೆ ಜಿಪ್ ಇದ್ರೆ ಬೇಸಿಗೆಯಲ್ಲೇ ದಾಟಿರಬಹುದು. ಒಂದೆರಡು ಗ್ರಾಂ ಮೇಲೆ ನಿಂತಿರೋ ವಿಷಯ ಇದು, ಅದಕ್ಕೇ ಊಹೆ ಮೇಲೆ ಹೋಲ್‌ಸೇಲ್‌ನವರಿಗೆ ಪತ್ರ ಬರೆದುಕೊಡಬೇಡಿ.

ದಾಟಿದ್ದು ಹೇಗೆ ಲೆಕ್ಕ ಹಾಕೋದು ಅಂತ ಕೇಳ್ತೀರಿ. ಏಪ್ರಿಲ್‌ನಿಂದ ಮಾರ್ಚ್ ಅಂತ ಹಣಕಾಸು ವರ್ಷ ಹಿಡಿದು ಕೂರಬೇಡಿ. ಪ್ರತಿ ತಿಂಗಳ ಕೊನೇ ದಿನ ಹಿಂದಕ್ಕೆ ತಿರುಗಿ 12 ತಿಂಗಳು ನೋಡ್ಬೇಕು. ಜನವರಿ 31ಕ್ಕೆ ನೋಡಿದಾಗ ಹಿಂದಿನ 12 ತಿಂಗಳು ಸೇರಿ 10 ಟನ್ ಮುಟ್ಟಿದೆ ಅಂದ್ರೆ ಫೆಬ್ರವರಿ 1ರಿಂದ ನೀವು ಹೊಣೆಗಾರರು, ಅಲ್ಲಿಂದ 30 ದಿನದೊಳಗೆ ರಿಜಿಸ್ಟರ್ ಆಗ್ಬೇಕು. ಟ್ಯಾಕ್ಸ್ ಬೀಳೋದೂ ಫೆಬ್ರವರಿ 1ರಿಂದ ತಂದದ್ದಕ್ಕೆ, ಆ ಹಿಂದಿನ ಹತ್ತು ಟನ್ನಿಗೆ ಅಲ್ಲ, ಇದನ್ನ ಕೇಳಿ ಬಹಳ ಜನ ಉಸಿರು ಬಿಡ್ತಾರೆ. ಇನ್ನೊಂದು ಪರೀಕ್ಷೆ ಇದೆ, ಮುಂದಿನ 30 ದಿನದಲ್ಲೇ 10 ಟನ್ ತರ್ತೀನಿ ಅಂತ ಗೊತ್ತಿದ್ರೆ ಆಗ್ಲೇ ರಿಜಿಸ್ಟರ್ ಆಗ್ಬೇಕು ಅನ್ನೋದು. ತಿಂಡಿ ವ್ಯಾಪಾರದಲ್ಲಿ ಅದು ಆಗೋ ಮಾತಲ್ಲ, ಹದಿನೇಳು ಲಕ್ಷ ಪೌಚ್ ಒಂದೇ ತಿಂಗಳಲ್ಲಿ ಯಾರೂ ತರಲ್ಲ. ಖಾಲಿ ಟೇಕ್‌ಅವೇ ಡಬ್ಬಿ ಕಂಟೇನರ್‌ಗಟ್ಟಲೆ ತರೋರಿಗೆ ಅದು ಮುಖ್ಯ.

ಇಲ್ಲಿ ಇನ್ನೊಂದು ತಪ್ಪು ಎಲ್ರೂ ಮಾಡ್ತಾರೆ. ನಮ್ಮ ಜಾರ್‌ನಲ್ಲಿ 30% ರಿಸೈಕಲ್ ಪ್ಲಾಸ್ಟಿಕ್ ಇದೆ, ಹಾಗಾಗಿ ಅದನ್ನ 10 ಟನ್ ಲೆಕ್ಕಕ್ಕೆ ಸೇರಿಸಲ್ಲ ಅಂತಾರೆ. ಹಾಗಲ್ಲ. ಅದಕ್ಕೆ ಟ್ಯಾಕ್ಸ್ ಇಲ್ಲ ನಿಜ, ಆದ್ರೆ 10 ಟನ್ ಎಣಿಸುವಾಗ ಅದೂ ಸೇರುತ್ತೆ. ಪೂರ್ತಿ ರಿಸೈಕಲ್ ಪ್ಯಾಕೇಜಿಂಗ್ ತಂದ್ರೂ ರಿಜಿಸ್ಟರ್ ಆಗಿ ಸೊನ್ನೆ ಟ್ಯಾಕ್ಸ್ ಅಂತ ರಿಟರ್ನ್ ಹಾಕ್ತಾ ಕೂರಬೇಕು. ಸೇರದೇ ಇರೋದು ಬೇರೆ, ಇಂಪೋರ್ಟ್ ಮಾಡುವಾಗ ಸಾಗಾಣಿಕೆಗೆ ಮಾತ್ರ ಬಳಸಿದ್ದು, ಪ್ಯಾಲೆಟ್ ಸುತ್ತ ಸುತ್ತಿರೋ ಸ್ಟ್ರೆಚ್ ಫಿಲ್ಮು, ಪ್ಲಾಸ್ಟಿಕ್ ಪಟ್ಟಿ ಇಂಥವು. ಅದಕ್ಕೆ ವಿನಾಯ್ತಿ ಇದೆ, ತೂಕಕ್ಕೂ ಸೇರಲ್ಲ. ಆದ್ರೆ ಇಪ್ಪತ್ತು ಪ್ಯಾಕೆಟ್ ಒಟ್ಟಿಗೆ ಹಾಕಿ ಒಂದು ದೊಡ್ಡ ಪಾಲಿ ಕವರ್‌ನಲ್ಲಿ ಕಟ್ಟಿರ್ತಾರಲ್ಲ ನಿಮ್ಮ ಭಾವ, ಆ ಕವರ್ ಸಾಗಾಣಿಕೆ ಪ್ಯಾಕಿಂಗ್ ಅಂತ ತಪ್ಪಿಸ್ಕೊಳ್ಳಲ್ಲ, ಅದು ಪ್ಯಾಕೆಟ್‌ಗಳನ್ನ ಗುಂಪು ಮಾಡಿರೋ ಪ್ಯಾಕಿಂಗ್. ಅದನ್ನೂ ತೂಗಿ.

ಲೆಸ್ಟರ್‌ನಲ್ಲೇ ಇನ್ನೊಬ್ಬ ಹೋಲ್‌ಸೇಲರ್ ಹತ್ರ ತಗೊಂಡು ಮಾರೋ ಮಾಲು ಇದ್ರೆ ಅದನ್ನ ಸೇರಿಸ್ಬೇಡಿ, ಅದು ತಂದವ್ರ ತಲೆನೋವು.

ಚಟ್ನಿಪುಡಿ ಪೌಚ್ ಬಗ್ಗೆ ಒಂದು ಮಾತು. ಅದ್ರಲ್ಲಿ ನಡುವೆ ಅಲ್ಯೂಮಿನಿಯಂ ಫಾಯಿಲ್ ಇರುತ್ತೆ ವಾಸನೆ ಹೋಗಬಾರದು ಅಂತ. ಆಗ ಇದು ಪ್ಲಾಸ್ಟಿಕ್ಕಾ ಲೋಹನಾ? ನಿಯಮ ಏನಂದ್ರೆ ತೂಕದಲ್ಲಿ ಬೇರೆ ಯಾವ ಒಂದು ವಸ್ತುಗಿಂತಲೂ ಪ್ಲಾಸ್ಟಿಕ್ ಜಾಸ್ತಿ ಇದ್ರೆ ಅದು ಪ್ಲಾಸ್ಟಿಕ್ ಕಾಂಪೊನೆಂಟ್. 9 ಮೈಕ್ರಾನ್ ಫಾಯಿಲ್ ಅಂದ್ರೆ ಚದರ ಮೀಟರ್‌ಗೆ 24 ಗ್ರಾಂ, ಅದ್ರ ಎರಡೂ ಪಕ್ಕದ ಪೆಟ್ ಮತ್ತೆ ಪಾಲಿಥೀನ್ ಸೇರಿ 70ರ ಮೇಲೆ, ಹಾಗಾಗಿ ಪ್ಲಾಸ್ಟಿಕ್. ಕಹಿ ವಿಷಯ ಏನಂದ್ರೆ ಒಮ್ಮೆ ಪ್ಲಾಸ್ಟಿಕ್ ಅಂತ ಆದ್ಮೇಲೆ ಫಾಯಿಲ್ ತೂಕನೂ ಸೇರಿಸಿ ಪೂರ್ತಿ ಪೌಚ್‌ಗೆ ಟ್ಯಾಕ್ಸ್. ಫಾಯಿಲ್ ಕಳೆದು ಲೆಕ್ಕ ಹಾಕೋಕಾಗಲ್ಲ.

ಕಾರ್ನ್‌ಸ್ಟಾರ್ಚ್ ಕವರ್, ಕಾಂಪೋಸ್ಟ್ ಆಗೋ ಕವರ್ ಅಂತ ಮಾರ್ತಾರಲ್ಲ, ಅದಕ್ಕೂ ಇದೇ ಟ್ಯಾಕ್ಸ್. ಮಣ್ಣಲ್ಲಿ ಕರಗುತ್ತೆ ಸ್ವಾಮಿ ಅಂದ್ರೆ ಎಚ್‌ಎಂಆರ್‌ಸಿ ಕರಗಲ್ಲ. ಹಾಗೇ, ಉಪ್ಪಿನಕಾಯಿ ಖಾಲಿ ಆದ್ಮೇಲೆ ಜಾರ್ ತೊಳೆದು ಸಾಸಿವೆ, ಜೀರಿಗೆ ಹಾಕಿಡೋದು ನಮ್ಮ ಮನೆಗಳ ಪದ್ಧತಿ, ನಮ್ಮಮ್ಮನ ಅಡುಗೆಮನೆಯಲ್ಲಿ ಇವತ್ತಿಗೂ ಕಾಫಿಪುಡಿ ಜಾರ್‌ನಲ್ಲಿ ಕಾಫಿಪುಡಿ ಬಿಟ್ಟು ಉಳಿದೆಲ್ಲಾ ಇರುತ್ತೆ, ಆದ್ರೆ ಗ್ರಾಹಕರು ಮರುಬಳಕೆ ಮಾಡ್ತಾರೆ ಅಂತ ವಿನಾಯ್ತಿ ಕೇಳೋಕೆ ಬರಲ್ಲ. ಮಾಲು ತುಂಬಿ ಮಾರೋಕೆ ಅಂತ ಮಾಡಿದ ಜಾರ್ ಪ್ಯಾಕೇಜಿಂಗೇ.

ದುಡ್ಡಿನ ವಿಷಯ. 10.36 ಟನ್ ಪೂರ್ತಿ ಟ್ಯಾಕ್ಸ್‌ಗೆ ಬಿದ್ರೆ ವರ್ಷಕ್ಕೆ 2,317 ಪೌಂಡ್ ಚಿಲ್ಲರೆ. ಒಂದು ಆರು ಗ್ರಾಂ ಪೌಚ್‌ಗೆ 0.13 ಪೆನ್ನಿ, ಏಳೆಂಟು ಪ್ಯಾಕೆಟ್ ಸೇರಿ ಒಂದು ಪೆನ್ನಿ. ಇದು ನಿಮ್ಮನ್ನ ಮುಳುಗಿಸೋ ಟ್ಯಾಕ್ಸ್ ಅಲ್ಲ. ನನ್ನ ಅನುಭವದಲ್ಲಿ ಚಿಕ್ಕ ಬಿಸಿನೆಸ್‌ಗಳು ಒದ್ದಾಡೋದು ಟ್ಯಾಕ್ಸ್ ಕಟ್ಟೋಕೆ ಅಲ್ಲ, ಗ್ರಾಂಗಳನ್ನ ಹುಡುಕೋಕೆ. ಯಾವ ಮಾಲಿಗೆ ಯಾವ ಪೌಚ್, ಯಾವ ಕಂಟೇನರ್‌ನಲ್ಲಿ ಎಷ್ಟು ಬಂತು, ತೂಕ ಯಾರು ಮಾಡಿದ್ರು, ಯಾವ ತಕ್ಕಡಿ, ಎಷ್ಟು ಸ್ಯಾಂಪಲ್. ಈ ಕೆಲಸಕ್ಕೆ ಮೊದಲ ವರ್ಷ ನೀವು ಕೊಡೋ ಸಮಯದ ಬೆಲೆ ಟ್ಯಾಕ್ಸ್‌ಗಿಂತ ಜಾಸ್ತಿ ಆಗುತ್ತೆ. ಟ್ಯಾಕ್ಸ್ ತಪ್ಪಿಸೋಕೆ ಪೌಚ್ ಬದಲಾಯಿಸೋಣ್ವಾ ಅಂತ ಓಡಬೇಡಿ, ಮೊದಲು ಇರೋದನ್ನ ಅಳೀರಿ.

ರಿಸೈಕಲ್ ಪ್ಲಾಸ್ಟಿಕ್‌ಗೆ ಹೋದ್ರೆ ಉಳಿಯುತ್ತಾ ಅಂತ ನಿಮ್ಮ ಮುಂದಿನ ಪ್ರಶ್ನೆ ಬಂದೇ ಬರುತ್ತೆ, ಅದಕ್ಕೂ ಈಗ್ಲೇ ಹೇಳ್ತೀನಿ. ಪೌಚ್ ಮರೆತುಬಿಡಿ. ಎರಡು ಮೂರು ಲೇಯರ್ ಅಂಟಿಸಿದ ಫಿಲ್ಮ್‌ನಲ್ಲಿ, ಅದೂ ತಿಂಡಿಗೆ ತಾಗೋ ಲೇಯರ್‌ನಲ್ಲಿ, ಆಹಾರಕ್ಕೆ ಸುರಕ್ಷಿತ ಅಂತ ಒಪ್ಪಿದ ರಿಸೈಕಲ್ ಪಾಲಿಥೀನ್ ಸಿಗೋದು ಬಹಳ ಕಷ್ಟ, ಸಿಕ್ಕಿದ್ರೂ ನಿಮ್ಮ ಭಾವ ಕೊಳ್ಳೋ ಪ್ರಮಾಣಕ್ಕೆ ಯಾರೂ ಮಾಡಿಕೊಡಲ್ಲ. ಜಾರ್ ಬೇರೆ, ಪೆಟ್ ಜಾರ್ ಆದ್ರೆ ರಿಸೈಕಲ್ ಪೆಟ್ ಹಾಕಿ ಮಾಡ್ತಾರೆ, ಅಲ್ಲಿ ಭಾರತದ ಆಹಾರ ಸುರಕ್ಷತೆ ನೋಡೋ ಎಫ್‌ಎಸ್‌ಎಸ್‌ಎಐ ನಿಯಮ, ಇಲ್ಲಿ ಯುಕೆಯ ಆಹಾರ ಸಂಪರ್ಕದ ನಿಯಮ ಎರಡನ್ನೂ ದಾಟಿರಬೇಕು. 26 ಗ್ರಾಂ ಜಾರ್‌ಗೆ ನಾನು ಹಿಡಿದ ರೇಟಲ್ಲಿ ಟ್ಯಾಕ್ಸ್ 0.58 ಪೆನ್ನಿ. ರಿಸೈಕಲ್ ಜಾರ್ ಅದಕ್ಕಿಂತ ಕಮ್ಮಿ ಹೆಚ್ಚುವರಿ ಬೆಲೆಗೆ ಸಿಕ್ಕಿದ್ರೆ ತಗೊಳ್ಳಿ, 1.2 ಲಕ್ಷ ಜಾರ್‌ಗೆ ವರ್ಷಕ್ಕೆ ಹೆಚ್ಚಂದ್ರೆ 700 ಪೌಂಡ್ ಹತ್ತಿರ ಟ್ಯಾಕ್ಸ್ ಉಳಿಯುತ್ತೆ, ಜಾರ್‌ನ ಹೆಚ್ಚಿನ ಬೆಲೆ ಅದ್ರಲ್ಲೇ ಕಳೀಬೇಕು. ಜಾಸ್ತಿ ಕೇಳಿದ್ರೆ ಸುಮ್ನೆ ಟ್ಯಾಕ್ಸ್ ಕಟ್ಟಿ. ಪರಿಸರದ ಕಾಳಜಿಯಿಂದ ಬದಲಾಯಿಸ್ತೀನಿ ಅಂದ್ರೆ ಸಂತೋಷ, ಆದ್ರೆ ಅದನ್ನ ಟ್ಯಾಕ್ಸ್ ಉಳಿತಾಯ ಅಂತ ನಿಮಗೆ ನೀವೇ ಹೇಳ್ಕೋಬೇಡಿ.

ಇಲ್ಲೊಂದು ಗುಂಡಿ ಇದೆ ನೋಡಿ. 30% ಅನ್ನೋದು ಇದ್ರೆ ಇದೆ ಇಲ್ಲಾಂದ್ರೆ ಇಲ್ಲ, 29% ಇದ್ರೆ ಪೂರ್ತಿ ತೂಕಕ್ಕೆ ಟ್ಯಾಕ್ಸ್, 30 ಮುಟ್ಟಿದ್ರೆ ಸೊನ್ನೆ. ಸ್ಪೇನ್‌ನಲ್ಲಿ ಹಾಗಲ್ಲ, ಅಲ್ಲಿ 2023ರ ಜನವರಿಯಿಂದ ಕೇಜಿಗೆ 0.45 ಯುರೋ ಇದೆ, ಅಂದ್ರೆ ಯುಕೆಗಿಂತ ದುಬಾರಿ, ಆದ್ರೆ ರಿಸೈಕಲ್ ಅಲ್ಲದ ಭಾಗಕ್ಕೆ ಮಾತ್ರ. ಯುಕೆಯಲ್ಲಿ ಅಂಚಲ್ಲಿ ನಿಂತು ಆಡೋದು ಅಪಾಯ, ಪೂರೈಕೆದಾರ 30 ಅಂತಂದ್ರೆ 35 ಕೇಳಿ. ಆಮೇಲೆ ಬಾಯಿಮಾತಿಗೆ ಬೆಲೆ ಇಲ್ಲ, ಪುರಾವೆ ಇಲ್ಲಾಂದ್ರೆ ರಿಸೈಕಲ್ ಸೊನ್ನೆ ಅಂತಲೇ ಹಿಡೀಬೇಕು. ಪುರಾವೆ ಅಂದ್ರೆ ಆ ಬ್ಯಾಚ್‌ಗೆ ರಿಸೈಕಲ್ ಹರಳು ಯಾರ ಹತ್ರ ಕೊಂಡ್ರು, ಎಷ್ಟು ಹಾಕಿದ್ರು, ಒಟ್ಟು ಎಷ್ಟು ಜಾರ್ ಬಂತು ಅನ್ನೋ ತಯಾರಿಕೆ ದಾಖಲೆ.

ನಮ್ಮ ಕಡೆಯ ಪೂರೈಕೆದಾರರು ಇಲ್ಲಿ ಒಂದು ಕಾಗದ ಕಳಿಸ್ತಾರೆ, ನಾವು ಇಪಿಆರ್ (ಪ್ಯಾಕಿಂಗ್ ಕಸಕ್ಕೆ ಉತ್ಪಾದಕರೇ ಹೊಣೆ ಅನ್ನೋ ನಿಯಮ) ಪಾಲಿಸ್ತೀವಿ, ಸಿಪಿಸಿಬಿ (ಭಾರತದ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ) ಪೋರ್ಟಲ್‌ನ ಸರ್ಟಿಫಿಕೇಟ್ ನೋಡಿ ಅಂತ. ಇದನ್ನ ನಾನು ಎಷ್ಟು ಸಲ ನೋಡಿದೀನೋ ಲೆಕ್ಕ ಇಲ್ಲ. ಅದು ಭಾರತದ ಬೇರೆ ಕಾನೂನು, ಎಲ್ಲೋ ಯಾರೋ ಅಷ್ಟು ಪ್ಲಾಸ್ಟಿಕ್ ರಿಸೈಕಲ್ ಮಾಡಿದ್ದಕ್ಕೆ ಕೊಡೋ ಪ್ರಮಾಣಪತ್ರ, ಅದನ್ನ ಕೊಂಡು ಮಾರೋಕೂ ಆಗುತ್ತೆ. ನಿಮ್ಮ ಕೈಲಿರೋ ಆ ಜಾರ್‌ನೊಳಗೆ ಎಷ್ಟು ರಿಸೈಕಲ್ ಪ್ಲಾಸ್ಟಿಕ್ ಇದೆ ಅನ್ನೋದಕ್ಕೂ ಅದಕ್ಕೂ ಸಂಬಂಧನೇ ಇಲ್ಲ. ಭಾವ ಅಂತ ನಂಬಿಕೆ ಮೇಲೆ ಬಿಡಬೇಡಿ, ಅವ್ರಿಗೂ ಜಾರ್ ಮಾಡೋನು ಹೇಳಿದ್ದಷ್ಟೇ ಗೊತ್ತಿರೋದು.

ಇನ್ನು ಇಂಪೋರ್ಟರ್ ಯಾರು ಅನ್ನೋದು. ಸಾಮಾನ್ಯವಾಗಿ ಕಸ್ಟಮ್ಸ್ ಡಿಕ್ಲರೇಷನ್‌ನಲ್ಲಿ ಕನ್ಸೈನೀ, ಅಂದ್ರೆ ಮಾಲು ಪಡೆಯೋರು, ಅಂತ ಯಾರ ಹೆಸರಿದೆಯೋ ಅವ್ರು. ನಿಮ್ಮಂಥ ಚಿಕ್ಕೋರು ಬಹಳ ಜನ ಕಂಟೇನರ್ ಹಂಚಿಕೊಂಡು ತರ್ತೀರಿ, ಅರ್ಧ ನಿಮ್ಮದು ಅರ್ಧ ಇನ್ನೊಬ್ರದು, ಪೇಪರ್ ಎಲ್ಲಾ ಒಬ್ಬರ ಹೆಸರಲ್ಲಿ. ಆಗ ಆ ಒಬ್ಬರ ತಲೆ ಮೇಲೆ ಎಲ್ಲರ ಪ್ಲಾಸ್ಟಿಕ್ಕೂ ಬೀಳುತ್ತೆ. ನಿಮ್ಮ ಹಳೇ ಎಂಟ್ರಿಗಳನ್ನ ತೆಗೆದು ನೋಡಿ, ಎಷ್ಟರಲ್ಲಿ ನಿಮ್ಮ ಹೆಸರಿದೆ ಅಂತ. ಒಬ್ರು ಇದೇ ಥರ ಸ್ನೇಹಿತನ ಊದಬತ್ತಿ ಮಾಲಿಗೆ ತಮ್ಮ ಹೆಸರು ಕೊಟ್ಟಿದ್ರು, ಊದಬತ್ತಿ ಪೆಟ್ಟಿಗೆ ರಟ್ಟಿಂದು ಅಲ್ವಾ ಅಂತ ಧೈರ್ಯವಾಗಿದ್ರು, ಒಳಗೆ ಪ್ರತಿ ಕಟ್ಟಿಗೂ ಪ್ಲಾಸ್ಟಿಕ್ ಕವರ್ ಇತ್ತು. ಎರಡು ಟನ್ ಇವ್ರ ಲೆಕ್ಕಕ್ಕೆ ಬಂತು.

ರಿಜಿಸ್ಟರ್ ಆಗ್ಬೇಕು ಅಂತ ಗೊತ್ತಾದ್ರೆ ಕೆಲಸ ಕಷ್ಟ ಇಲ್ಲ, ಸರ್ಕಾರಿ ವೆಬ್‌ಸೈಟ್‌ನಲ್ಲಿ ಗೇಟ್‌ವೇ ಲಾಗಿನ್‌ನಿಂದಾನೇ ಆಗುತ್ತೆ. ಆಮೇಲೆ ಮೂರು ತಿಂಗಳಿಗೊಂದು ರಿಟರ್ನ್, ಏಪ್ರಿಲ್‌ನಿಂದ ಜೂನ್‌ದು ಜುಲೈ ಕೊನೇ ಕೆಲಸದ ದಿನದೊಳಗೆ, ರಿಟರ್ನೂ ದುಡ್ಡೂ ಎರಡೂ. ಆ ಮೂರು ತಿಂಗಳು ಏನೂ ತಂದಿಲ್ಲ ಅಂದ್ರೂ ಸೊನ್ನೆ ಅಂತ ಹಾಕಲೇಬೇಕು. ದಾಖಲೆ ಆರು ವರ್ಷ ಇಡ್ಬೇಕು. ಕೇಜಿಯಲ್ಲೇ ಬರೀಬೇಕು. ಗೆರೆ ದಾಟದೇ ಇದ್ರೂ ದಾಟಿಲ್ಲ ಅಂತ ತೋರಿಸೋ ಲೆಕ್ಕ ಇಟ್ಕೊಳ್ಳಲೇಬೇಕು, ನಿಮ್ಮ ಹೋಲ್‌ಸೇಲ್‌ನವರು ಕೇಳ್ತಿರೋದೂ ಅದನ್ನೇ. ಅವ್ರು ಸುಮ್ಮನೆ ತೊಂದರೆ ಕೊಡ್ತಿಲ್ಲ, ಟ್ಯಾಕ್ಸ್ ಕಟ್ಟದ ಮಾಲು ಅಂತ ಗೊತ್ತಿದ್ದೂ ಅಥವಾ ಗೊತ್ತಿರಬೇಕಾದ್ದು ಗೊತ್ತಿಲ್ಲದಂಗೆ ಕೊಂಡ್ರೆ ಹೊಣೆ ಅವ್ರ ಮೇಲೂ ಬರಬಹುದು, ಅದಕ್ಕೆ ದೊಡ್ಡೋರೆಲ್ಲಾ ಈಗ ಕಾಗದ ಕೇಳ್ತಾರೆ.

ಕಾಗದದಲ್ಲಿ ಏನು ಬರೀಬೇಕು ಅಂದ್ರೆ ನಮಗೆ ಅನ್ವಯ ಆಗಲ್ಲ ಅನ್ನೋ ಒಂದು ಸಾಲು ಸಾಲದು. ಇಂಥ ದಿನದವರೆಗಿನ 12 ತಿಂಗಳಲ್ಲಿ ಇಷ್ಟು ಟನ್ ಇಂಪೋರ್ಟ್ ಮಾಡಿದೀವಿ, ತೂಕ ಹೀಗೆ ಮಾಡಿದೀವಿ, ಪ್ರತಿ ತಿಂಗಳೂ ನೋಡ್ತೀವಿ, ದಾಟಿದ್ರೆ ರಿಜಿಸ್ಟರ್ ಆಗಿ ನಿಮಗೆ ತಿಳಿಸ್ತೀವಿ ಅಂತ ಬರೀರಿ, ಸಹಿ ಹಾಕಿ. ರಿಜಿಸ್ಟರ್ ಆದ್ಮೇಲೆ ಟ್ಯಾಕ್ಸ್‌ನ ಬೆಲೆಗೆ ಸೇರಿಸಿದ್ರೆ ಅದ್ರ ಮೇಲೂ ವ್ಯಾಟ್ ಲೆಕ್ಕ ನಡೆಯುತ್ತೆ ಅನ್ನೋದು ನೆನಪಿರಲಿ. ಅಂದ್ರೆ ಆ ಮಾಲಿಗೆ ಯಾವ ವ್ಯಾಟ್ ರೇಟೋ ಅದೇ. ಇನ್‌ವಾಯ್ಸ್‌ನಲ್ಲಿ ಟ್ಯಾಕ್ಸ್ ಬೇರೆ ಸಾಲಾಗಿ ತೋರಿಸೋದು ಕಡ್ಡಾಯ ಅಲ್ಲ, ತೋರಿಸಿದ್ರೆ ದೊಡ್ಡ ಗಿರಾಕಿಗೆ ಮಾತಾಡೋಕೆ ಅನುಕೂಲ. ಐರ್ಲೆಂಡ್‌ಗೆ ಜರ್ಮನಿಗೆ ಇಲ್ಲಿಂದ ಕಳಿಸೋ ಮಾಲಿದ್ರೆ ಅದಕ್ಕೆ ಟ್ಯಾಕ್ಸ್ ಮುಂದೂಡೋಕೆ, ವಾಪಸ್ ಪಡೆಯೋಕೆ ದಾರಿ ಇದೆ, ನಿಮ್ಮ ಪ್ರಶ್ನೆಯಲ್ಲಿ ಅದಿಲ್ಲ ಹಾಗಾಗಿ ಬಿಡ್ತೀನಿ.

ಎರಡು ಬೇರೆ ವಿಷಯ, ಗೊಂದಲ ಮಾಡ್ಕೋಬೇಡಿ ಅಂತ ಹೇಳ್ತಿರೋದು. ಒಂದು, ಯುಕೆಯಲ್ಲಿ ಪ್ಯಾಕೇಜಿಂಗ್ ಇಪಿಆರ್ ಅಂತ ಇನ್ನೊಂದಿದೆ, ಅದು ಎಚ್‌ಎಂಆರ್‌ಸಿದಲ್ಲ, ಪರಿಸರ ಇಲಾಖೆ ಕಡೆಯದು, ರಟ್ಟು, ಗಾಜು, ತಗಡು ಎಲ್ಲಕ್ಕೂ ಅನ್ವಯ, ಅದಕ್ಕೆ ಟರ್ನೋವರ್ 10 ಲಕ್ಷ ಪೌಂಡ್ ಮತ್ತೆ ಒಟ್ಟು ಪ್ಯಾಕೇಜಿಂಗ್ 25 ಟನ್ ದಾಟಬೇಕು. ನಿಮ್ಮ ರಟ್ಟಿನ ಪೆಟ್ಟಿಗೆ ಸೇರಿದ್ರೆ ಅದೂ ದೂರ ಇಲ್ಲ, ಹೇಗೂ ತಕ್ಕಡಿ ಹಿಡಿದಿದೀರಲ್ಲ, ರಟ್ಟನ್ನೂ ತೂಗಿ ಪಕ್ಕದ ಕಾಲಂನಲ್ಲಿ ಬರೆದಿಟ್ಕೊಳ್ಳಿ. ಎರಡು, ಮದುವೆ ಮುಂಜಿ ಆರ್ಡರ್‌ಗೆ ಪ್ಲಾಸ್ಟಿಕ್ ತಟ್ಟೆ ಚಮಚ ತರಿಸೋ ಯೋಚನೆ ಇದ್ರೆ ಇಂಗ್ಲೆಂಡ್‌ನಲ್ಲಿ 2023ರ ಅಕ್ಟೋಬರ್‌ನಿಂದ ಅವುಗಳಿಗೆ ನಿಷೇಧ ಇದೆ, ಟ್ಯಾಕ್ಸ್ ಕಟ್ತೀನಿ ಅಂದ್ರೂ ಬಿಡಲ್ಲ. ಅಡಿಕೆ ಹಾಳೆ ತಟ್ಟೆ ತರಿಸಿ, ಅದಕ್ಕೆ ಈ ಟ್ಯಾಕ್ಸೂ ಇಲ್ಲ, ಈ ಪ್ಲಾಸ್ಟಿಕ್ ನಿಷೇಧನೂ ಇಲ್ಲ.

ಈ ವಾರ ಮಾಡ್ಬೇಕಾದ್ದು ಇಷ್ಟು. ಒಂದು ಗ್ರಾಂನ ಹತ್ತರಲ್ಲಿ ಒಂದು ಭಾಗ ತೋರಿಸೋ ತಕ್ಕಡಿ ತಗೊಳ್ಳಿ, ಅಡುಗೆಮನೆ ತಕ್ಕಡಿ ಆರು ಗ್ರಾಂಗೆ ಸರಿಹೋಗಲ್ಲ, ಆರೂವರೆನ ಆರು ಅಂತ ತೋರಿಸಿದ್ರೆ 9 ಲಕ್ಷಕ್ಕೆ 450 ಕೇಜಿ ಮಾಯ. ಪ್ರತಿ ಥರದ್ದೂ ಹತ್ತು ಖಾಲಿ ಪೀಸ್ ಒಟ್ಟಿಗೆ ತೂಗಿ ಹತ್ತರಿಂದ ಭಾಗಿಸಿ, ಡಿಸ್‌ಪ್ಲೇ ಕಾಣೋ ಹಾಗೆ ಫೋಟೋ ತೆಗೆದು ದಿನಾಂಕ ಹಾಕಿಡಿ. ಭಾವನಿಗೆ ಹೇಳಿ ಮುಂದಿನ ಕಂಟೇನರ್‌ನಲ್ಲಿ ಖಾಲಿ ಪೌಚ್, ಜಾರ್, ಮುಚ್ಚಳ, ಡಬ್ಬಿ ಒಂದೊಂದು ಹತ್ತು ಕಳಿಸೋಕೆ, ತುಂಬಿದ್ದನ್ನ ಖಾಲಿ ಮಾಡಿ ತೂಗೋಕೆ ಹೋದ್ರೆ ಉಪ್ಪಿನಕಾಯಿ ಎಣ್ಣೆ ಎಷ್ಟು ತೊಳೆದ್ರೂ ಒಂದು ಗ್ರಾಂ ಜಾಸ್ತಿನೇ ತೋರಿಸುತ್ತೆ. ಆ ಹತ್ತು ಖಾಲಿ ಪೀಸ್‌ನ ತೂಕನೂ ಲೆಕ್ಕಕ್ಕೆ ಸೇರುತ್ತಾ ಅಂತ ಕೇಳಬೇಡಿ. ಸೇರುತ್ತೆ.